ಯಾರಿಗೂ ತುರಿಸದ ಮಚ್ಚೆ

ನಮ್ಮೂರಿನ ದವಾಖಾನೆಗೆ ಚರ್ಮದ ಕಾಯಿಲೆ ಇಟ್ಟುಕೊಂಡು ಯಾರೂ ಒಬ್ಬರೇ ಹೋಗುವುದಿಲ್ಲ. ಹೋದರೂ ಪ್ರಯೋಜನವಿಲ್ಲ. ತೋರಿಸುವುದಕ್ಕೆ ಒಬ್ಬರು ಬೇಕು, ಹೇಳುವುದಕ್ಕೆ ಇನ್ನೊಬ್ಬರು. ಗಜಕರ್ಣ ಎದ್ದಿರುವುದು ಗರಡಿಮನೆಯ ಉಸ್ತಾದ ಪರಸಪ್ಪನ ಸೊಂಟದ ಮೇಲೆ, ಅದರ ತುರಿಕೆ ಮಾತ್ರ ಬಳೆ ಅಂಗಡಿಯ ಹುಸೇನಬಿಯ ಸೊಂಟದಲ್ಲಿ. ಪರಸಪ್ಪ ಆರಾಮಾಗಿ ಹಾಲು ಕುಡಿದು ಮೀಸೆ ಒರೆಸಿಕೊಳ್ಳುತ್ತಿರುತ್ತಾನೆ. ಅಷ್ಟರಲ್ಲಿ ಹುಸೇನಬಿ ಬಜಾರು ದಾಟಿ ಓಡಿ ಬಂದು, ‘ಏ ಪರಸ್ಯಾ, ಮುಲಾಮು ಹಚ್ಕೊಂಡಿಲ್ಲೇನೋ ನನ್ನ ಜೀವಾ ತಿನ್ನಾಂವನ! ಗೋಡಿಗೆ ಸೊಂಟಾ ತಿಕ್ಕಿ ತಿಕ್ಕಿ ಸುಣ್ಣ ಎಲ್ಲಾ ನನ್ನ ಸೀರಿಗೆ ಹತ್ತೇತಿ’ ಎಂದು ಕೂಗುತ್ತಾಳೆ. ಅಷ್ಟು ದೊಡ್ಡ ಪೈಲ್ವಾನ ನಾಚಿಕೊಂಡು ಮುಲಾಮು ಹಚ್ಚಿಕೊಳ್ಳುತ್ತಾನೆ. ಹಚ್ಚಿದ್ದು ಅವನ ಮೈಗೆ, ‘ಹಾ... ಈಗ ಆತ್ ನೋಡು’ ಎಂದು ಉಸಿರು ಬಿಡುವವಳು ಅವಳು.

ಇದು ಯಾಕೆ ಹೀಗೆ ಎಂದು ನನ್ನನ್ನು ಕೇಳಬೇಡಿ. ನಾನು ಮೆಣಸಿನಕಾಯಿ ಬಜಿ ಕರಿಯುವವಳು. ಊರಿನವರೂ ಕೇಳುವುದಿಲ್ಲ. ಸೊಳ್ಳೆ ಕಡಿತ, ಬೆವರುಗುಳ್ಳೆಯಂಥ ಚಿಲ್ಲರೆ ನವೆ ಯಾರದು ಅವರಿಗೇ. ನೋವೂ ಅಷ್ಟೇ, ಬೆರಳು ಕೊಯ್ದುಕೊಂಡವರೇ ಅಳಬೇಕು. ಆದರೆ ಇಸುಬು, ಗಜಕರ್ಣ, ಪಿತ್ತದ ಗಂಧೆ, ತುರಿಗಜ್ಜಿ, ಹೀಗೆ ಮೈಮೇಲೆ ಮನೆ ಮಾಡಿಕೊಂಡು ಕೂರುವ ಯಾವುದೇ ಇರಲಿ, ಅದರ ತುರಿಕೆ ಊರಿನ ಇನ್ನೊಬ್ಬರ ಮೈಗೆ ಹೋಗುತ್ತದೆ. ಒಮ್ಮೆ ಯಾರಿಗೆ ಹೋಯಿತೋ ಸಾಯುವ ತನಕ ಅವರಿಗೇ. ಅವರನ್ನು ನವೆನಂಟರು ಎನ್ನುತ್ತಾರೆ. ನವೆನಂಟ ಎಂದರೆ ಒಡಹುಟ್ಟಿದವನ ಹಾಗೆ. ಮದುವೆ ಮಾತಿಗೆ ಅವರೇ ಮುಂದೆ ಕೂರಬೇಕು, ಹಬ್ಬದ ಮೊದಲ ಹೋಳಿಗೆ ಅವರ ತಾಟಿಗೇ ಬೀಳಬೇಕು. ನವೆನಂಟರಿಬ್ಬರು ಒಬ್ಬರನ್ನೊಬ್ಬರು ಮದುವೆಯಾಗುವ ಮಾತು ತೆಗೆದರೆ ಊರಿನವರು ಕಿವಿ ಮುಚ್ಚಿಕೊಳ್ಳುತ್ತಾರೆ, ಅಣ್ಣ ತಂಗಿ ಮದುವೆ ಎಂದಷ್ಟೇ ಅಸಹ್ಯ ಅವರಿಗೆ.

ನಾನು ಈ ಊರಿನವಳಲ್ಲ. ಎಲ್ಲಿಗೋ ಹೊರಟಿದ್ದ ಬಸ್ಸು ಇಲ್ಲಿ ಪಂಕ್ಚರ್ ಆಯಿತು. ಟೈರು ಬಿಚ್ಚಿ ಹಾಕುವಷ್ಟರಲ್ಲಿ ಬಾವಿಯ ನೀರು ಕುಡಿದೆ. ಅಷ್ಟು ಸಿಹಿ ನೀರನ್ನು ಬಿಟ್ಟು ಹೋಗಲು ಮನಸ್ಸು ಬರಲಿಲ್ಲ. ಹೋಗಿ ಸೇರಬೇಕಾದ ಮನೆಯೂ ಯಾವುದೂ ಇರಲಿಲ್ಲ ಅನ್ನಿ. ಅಪ್ಪ ಅಮ್ಮ ನನಗೆ ನೆನಪೇ ಇಲ್ಲದಷ್ಟು ಹಿಂದೆ ಹೋದವರು, ಸಾಕಿದ ಸೋದರತ್ತೆ ಆ ವರ್ಷವೇ ಕಣ್ಣು ಮುಚ್ಚಿದ್ದಳು. ಹುಸೇನಬಿಯ ಅಂಗಡಿಯ ಮಗ್ಗುಲಲ್ಲಿ ಒಂದು ತಗಡಿನ ಗೂಡು ಖಾಲಿ ಇತ್ತು. ಒಲೆ ಹೂಡಿದೆ. ನನ್ನ ಬಜಿ ತಿಂದವರು ಇನ್ನೊಬ್ಬರ ಬಜಿ ತಿನ್ನುವುದಿಲ್ಲ, ಇದನ್ನು ನಾನೇ ಹೇಳಿಕೊಳ್ಳಬೇಕಾದ ಗತಿ ಬಂದಿಲ್ಲ, ಊರೇ ಹೇಳುತ್ತದೆ. ಆದರೂ ಆ ಊರೇ ನನ್ನನ್ನು ‘ಪಾವಣೇರ ಚಂಪಕ್ಕ’ ಎಂದು ಕರೆಯುತ್ತಿತ್ತು. ಪಾವಣೇರು ಅಂದರೆ ನಮ್ಮಲ್ಲಿ ನೆಂಟರು, ಇವತ್ತು ಬಂದು ನಾಳೆ ಹೋಗುವವರು. ಯಾಕೆಂದರೆ ನನಗೆ ನವೆನಂಟರಿರಲಿಲ್ಲ. ಯಾಕೆ ಇರಲಿಲ್ಲವೆಂದರೆ ನನ್ನ ಚರ್ಮ ಹಿತ್ತಾಳೆ ಬಿಂದಿಗೆಯ ಹಾಗೆ, ಒಂದು ಗುಳ್ಳೆಯಾದರೂ ಏಳಬೇಕೇ! ವರ್ಷಗಟ್ಟಲೆ ಎಣ್ಣೆ ಹೊಗೆಯಲ್ಲಿ ನಿಂತರೂ ಏನೂ ಇಲ್ಲ. ನಾಗರ ಪಂಚಮಿಗೆ ಊರಿನ ಹೆಂಗಸರೆಲ್ಲ ಉಂಡಿ ಕಟ್ಟಿಕೊಂಡು ನವೆನಂಟರ ಮನೆಗೆ ಹೊರಟಾಗ ನಾನು ಮಾತ್ರ ಕಡಲೆಹಿಟ್ಟು ಕಲಸುತ್ತ ಕೂತಿರುತ್ತಿದ್ದೆ. ಎಂಥ ಸಂಕಟವಾಗುತ್ತಿತ್ತು ಗೊತ್ತೇ? ಬೇರೆ ಊರಿನಲ್ಲಿ ಜನ ದೇವರ ಹತ್ತಿರ ಬಂಗಾರ ಬೇಡುತ್ತಾರೆ, ನಾನು ಒಂದು ಗಜಕರ್ಣ ಕೊಡಪ್ಪಾ ಎಂದು ಬೇಡುತ್ತಿದ್ದೆ.

ಕೊನೆಗೂ ಬಂತು. ಎಡಗೈಯಲ್ಲಿ, ಮೊಣಕೈಗೆ ತುಸು ಕೆಳಗೆ, ಒಂದು ಬಿಳಚು ಮಚ್ಚೆ. ಅಂಚು ಕೆಂಪಗೆ, ನಡುವೆ ಮಾಸಲು. ಸ್ನಾನ ಮಾಡುವಾಗ ನೋಡಿದವಳು ಒದ್ದೆ ಕೂದಲಲ್ಲೇ ಹುಸೇನಬಿಯ ಅಂಗಡಿಗೆ ಓಡಿದೆ.

‘ಮಾಸಿ, ಬಂತು! ನೋಡ ಇಲ್ಲಿ, ಬಂತು!’

ಹುಸೇನಬಿ ಕನ್ನಡಕ ಏರಿಸಿ ನೋಡಿದಳು. ‘ಯಾ ಅಲ್ಲಾ, ಎಷ್ಟ್ ಚೆಂದ ಎದ್ದೈತಿ! ಮುಚ್ಚಬ್ಯಾಡ ಬೇಟಿ, ಕುಪ್ಪಸದ ತೋಳು ಮ್ಯಾಲ ಮಾಡ್ಕೊಂಡು ಬಜಾರಾಗ ಒಂದ್ ಸುತ್ತ ಹಾಕಿ ಬಾ. ಯಾರ ಮೊಣಕೈ ತುರಸಾಕತ್ತೈತೋ ಅವರ ಓಡಿ ಬರ್ತಾರ.’

ಪದ್ಧತಿ ಅದು. ತೋಳು ಮಡಚಿ ಬಜಾರಿನ ಈ ತುದಿಯಿಂದ ಆ ತುದಿಗೆ ನಡೆದೆ. ಹೊಸ ಸೀರೆ ಉಟ್ಟ ದಿನವೂ ಅಷ್ಟು ಗತ್ತಿನಿಂದ ನಡೆದವಳಲ್ಲ. ಜನ ನಿಂತು ನೋಡಿದರು, ಮುಟ್ಟಿ ನೋಡಿದರು, ‘ಪಾವಣೇರಿಗೆ ಬಂತಂತ’ ಎಂದು ಹರಸಿದರು. ಯಾರೂ ತುರಿಸಿಕೊಳ್ಳಲಿಲ್ಲ. ಇವತ್ತು ಹೊಸದು, ಇನ್ನೂ ನವೆ ಹುಟ್ಟಿರಲಿಕ್ಕಿಲ್ಲ ಎಂದುಕೊಂಡೆ. ಮರುದಿನವೂ ನಡೆದೆ. ವಾರ ಕಳೆಯಿತು, ತಿಂಗಳೂ ಕಳೆಯಿತು. ಮಚ್ಚೆ ರೂಪಾಯಿಯಷ್ಟಿದ್ದುದು ಅಂಗೈಯಷ್ಟಾಯಿತು. ಹುಸೇನಬಿ ಮನೆಮನೆಗೆ ಹೋಗಿ, ತೊಟ್ಟಿಲ ಮಕ್ಕಳನ್ನೂ ಹಾಸಿಗೆ ಹಿಡಿದ ಮುದುಕರನ್ನೂ ಬಿಡದೆ ವಿಚಾರಿಸಿ ಬಂದಳು. ಊರಿನಲ್ಲಿ ಒಂದೇ ಒಂದು ಎಡ ಮೊಣಕೈ ತುರಿಸುತ್ತಿರಲಿಲ್ಲ.

ಮುಂಚೆಯಾದರೂ ವಾಸಿ, ಮೈ ಚೆನ್ನಾಗಿದೆ ಎಂದು ಸಮಾಧಾನ ಮಾಡಿಕೊಳ್ಳಬಹುದಿತ್ತು. ಈಗ? ಊರಿನಲ್ಲಿ ಹಿಂದೆಂದೂ ಹೀಗಾಗಿರಲಿಲ್ಲ. ಜನ ಕೆಟ್ಟದ್ದೇನೂ ಆಡಲಿಲ್ಲ, ಪಾಪ, ಬಜಿ ತಿನ್ನುವಾಗ ನನ್ನ ಕೈ ನೋಡದ ಹಾಗೆ ಮುಖ ತಿರುಗಿಸುತ್ತಿದ್ದರು. ಅದೇ ನನಗೆ ಸಹಿಸಲಾಗಲಿಲ್ಲ. ಬೈದಿದ್ದರೆ ನಾನೂ ಎರಡು ಬೈದು ಹಗುರಾಗುತ್ತಿದ್ದೆ. ಇಷ್ಟು ದೊಡ್ಡ ಊರಿನಲ್ಲಿ ನನಗಾಗಿ ಉಗುರು ತಾಗಿಸಿಕೊಳ್ಳುವ ಒಂದು ಜೀವವೂ ಇಲ್ಲವಲ್ಲ ಎಂದು ಒಲೆಯ ಮುಂದೆ ಅಳು ಬರುತ್ತಿತ್ತು. ಕೇಳಿದವರಿಗೆ ಮೆಣಸಿನಕಾಯಿ ಘಾಟು ಎನ್ನುತ್ತಿದ್ದೆ. ಕಡೆಗೊಂದು ದಿನ ಬಾಣಲೆ ತಿಕ್ಕಿ ಬೋರಲು ಹಾಕಿ, ‘ಮಾಸಿ, ನಾ ನಾಳೆ ಬಸ್ ಹತ್ತತೀನಿ. ಈ ಊರಾಗ ನನ್ನ ಋಣ ಇಷ್ಟ’ ಎಂದೆ. ಹುಸೇನಬಿ ಬೇಡ ಎಂದು ಕೈ ಹಿಡಿದುಕೊಂಡಳು. ನಾನು ಬಿಡಿಸಿಕೊಂಡೆ.

ಮರುದಿನ ಬೆಳಿಗ್ಗೆ ಪಾತ್ರೆಗಳನ್ನು ಗೋಣಿಗೆ ತುಂಬುತ್ತಿದ್ದಾಗ ಎದುರು ಅಂಗಡಿಯ ಫಕೀರಪ್ಪ ರಸ್ತೆ ದಾಟಿ ಬಂದ. ಅವನು ಟ್ರಂಕು ಮಾಡುವವನು. ತಗಡು ಬಡಿದು, ಬಣ್ಣ ಬಳಿದು, ಮುಚ್ಚಳದ ಮೇಲೆ ಗುಲಾಬಿ ಹೂ ಬರೆಯುತ್ತಾನೆ. ದಿನಾ ಸಂಜೆ ನನ್ನಲ್ಲಿ ಬಜಿ ತಿನ್ನುತ್ತಿದ್ದ, ‘ಇನ್ನೊಂದ್ ಹಾಕ್ರಿ’ ಎಂಬುದರ ಆಚೆಗೆ ನನ್ನ ಹತ್ತಿರ ಒಂದು ಮಾತು ಆಡಿದವನಲ್ಲ. ಆವತ್ತು ಬಂದವನು ಗೂಡಿನ ಮುಂದೆ ನಿಂತು ತನ್ನ ಎಡ ಮೊಣಕೈಯನ್ನು ಪರಪರ ಕೆರೆದುಕೊಂಡ.

‘ಚಂಪವ್ವಾರ,’ ಎಂದ, ‘ನಂಗ... ತುರಸಾಕತ್ತೈತ್ರಿ.’

ಗೋಣಿ ಕೈಯಿಂದ ಬಿತ್ತು, ಪಾತ್ರೆಗಳು ರಸ್ತೆಗೆ ಉರುಳಿದವು. ಎಲ್ಲಿ, ಇಲ್ಲೇನಾ, ಖರೇನಾ ಎಂದು ನಾನು ಕೇಳಿದ್ದೂ, ಅವನು ತಲೆ ತಗ್ಗಿಸಿ ‘ಖರೇನ್ರಿ, ನಿನ್ನೀಯಿಂದ ಕಣ್ಣಿಗೆ ನಿದ್ದಿ ಇಲ್ಲ’ ಎಂದದ್ದೂ, ಹುಸೇನಬಿ ಬಳೆ ತೊಡಿಸುತ್ತಿದ್ದ ಹುಡುಗಿಯ ಕೈಬಿಟ್ಟು ಓಡಿಬಂದದ್ದೂ ಎಲ್ಲ ಒಟ್ಟಿಗೇ ಆಯಿತು. ಊರು ಕೂಡಿತು. ಪರಸಪ್ಪ ಫಕೀರಪ್ಪನನ್ನು ಹೆಗಲ ಮೇಲೆ ಹೊತ್ತು ಕುಣಿದ. ಎಲ್ಲರೂ ‘ಚಂಪವ್ವನ ಅಣ್ಣ, ಚಂಪವ್ವನ ಅಣ್ಣ’ ಎಂದು ಕೂಗುತ್ತಿದ್ದರೆ ಹೆಗಲ ಮೇಲಿದ್ದವನ ಮುಖ ಮಾತ್ರ ಹರಳೆಣ್ಣೆ ಕುಡಿದವನ ಹಾಗಿತ್ತು. ನಾಚಿಕೆ ಸ್ವಭಾವದವನು ಎಂದುಕೊಂಡೆ. ಆವತ್ತು ಊರಿಗೆಲ್ಲ ನನ್ನ ಬಜಿ ಪುಕ್ಕಟೆ.

ಪದ್ಧತಿಯಂತೆ ಜೋಡಿಯಾಗಿ ದವಾಖಾನೆಗೆ ಹೋದೆವು. ಡಾಕ್ಟರ್ ಐರಿನ್ ಕಡಲ ಕಡೆಯವರು, ಹೊಸದಾಗಿ ಬಂದಿದ್ದರು. ಒಬ್ಬರ ರೋಗಕ್ಕೆ ಇಬ್ಬರು ಬಂದು ಕೂರುವುದನ್ನು ಕಂಡು ಮೊದಲ ವಾರ ಸಿಟ್ಟಾಗಿ ಅರ್ಧ ಜನರನ್ನು ಹೊರಗೆ ಕಳಿಸಿದ್ದರಂತೆ. ಆಮೇಲೆ ಬೇರೆ ದಾರಿಯಿಲ್ಲದೆ ಇಬ್ಬರನ್ನೂ ಕೂರಿಸಿಕೊಳ್ಳುತ್ತಿದ್ದರು. ನಂಬಿಕೆ ಮಾತ್ರ ಬಂದಿರಲಿಲ್ಲ. ‘ಎಂತ ಊರು ಮಾರಾಯ್ರೆ ಇದು’ ಎಂದು ಗೊಣಗುತ್ತಲೇ ನನ್ನ ಕೈ ನೋಡಿ, ‘ತುರಿಕೆ ಉಂಟಾ?’ ಎಂದು ಕೇಳಿದರು.

‘ಭಾಳ ಐತ್ರಿ ಡಾಕ್ಟರ,’ ಎಂದ ಫಕೀರಪ್ಪ. ‘ಇರಿವಿ ಹರದಾಡಿದಂಗ ಆಕ್ಕೈತ್ರಿ. ಬೆವರು ಬಂತಂದ್ರ ಜೀವಾ ಹೋಗ್ತೈತ್ರಿ.’

ಇಷ್ಟು ತುರಿಕೆ ಇದ್ದರೆ ಗಜಕರ್ಣವೇ ಎಂದು ಅವರು ಮುಲಾಮು ಕೊಟ್ಟರು. ದಿನಾ ಹಚ್ಚಿಕೊಂಡೆ. ಹಚ್ಚಿಕೊಳ್ಳುವ ಮುಂಚೆ ರಸ್ತೆಯಾಚೆ ಕೂಗಿ ಹೇಳುತ್ತಿದ್ದೆ, ‘ಅಣ್ಣಾ, ಹಚ್ಚಾಕತ್ತೇನಿ ನೋಡೋ!’ ಅವನು ತಗಡು ಬಡಿಯುವುದನ್ನು ನಿಲ್ಲಿಸಿ ‘ಹಾ’ ಎನ್ನುತ್ತಿದ್ದ. ಕೆಲವು ಸಲ ಎಡಗೈ ಕೆರೆದುಕೊಳ್ಳುತ್ತಿದ್ದ, ಕೆಲವು ಸಲ ಬಲಗೈ. ಎದುರು ಕೂತವನಿಗೆ ಎಡಬಲ ಗೊಂದಲವಾಗುವುದು ಸಹಜ ಎಂದು ನನ್ನ ದಡ್ಡ ತಲೆ ಹೇಳಿತು. ಆ ವರ್ಷದ ಪಂಚಮಿಗೆ ಎಳ್ಳುಂಡಿ, ಶೇಂಗಾ ಉಂಡಿ, ರವೆ ಉಂಡಿ ಕಟ್ಟಿಕೊಂಡು ಮೊದಲ ಸಲ ನಾನೂ ಹೊರಟೆ. ಅವನು ನಾನು ಕೊಟ್ಟ ಉಂಡಿಯನ್ನು ಕೈಯಲ್ಲಿ ಹಿಡಿದು ತುಂಬ ಹೊತ್ತು ನೋಡಿದ.

‘ತಿನ್ನೋ ಅಣ್ಣಾ.’

‘ತಿಂತೀನವ್ವಾ,’ ಎಂದ. ತಿಂದ. ನುಂಗಲು ಪಟ್ಟ ಪಾಡು ನೋಡಿ ಬೆಲ್ಲದ ಪಾಕ ಗಟ್ಟಿಯಾಯಿತೇನೋ ಎಂದು ನಾನು ನೀರು ಕೊಟ್ಟೆ.

ಮಚ್ಚೆ ಮುಲಾಮಿಗೆ ಜಗ್ಗಲಿಲ್ಲ. ಜಗ್ಗದಿದ್ದರೆ ಇರಲಿ ಬಿಡು, ನನಗೇನು ತೊಂದರೆ ಎಂದು ನಾನಿದ್ದೆ. ಸಂತೆಯ ದಿನ. ಗೂಡಿನ ಮುಂದೆ ಜನವೋ ಜನ. ಒಂದು ಕೈಯಲ್ಲಿ ಹಿಟ್ಟಿನಲ್ಲಿ ಅದ್ದಿದ ಮೆಣಸಿನಕಾಯಿ ಬಿಡುತ್ತಾ ಇನ್ನೊಂದು ಕಡೆ ಯಾರದೋ ಹಾಸ್ಯಕ್ಕೆ ಉತ್ತರ ಕೊಡುತ್ತಿದ್ದೆ. ಇದ್ದಕ್ಕಿದ್ದಂತೆ ಹುಸೇನಬಿ ಕಿರುಚಿದಳು.

‘ಏ ಬೇಟಿ, ಕೈ! ನಿನ್ನ ಕೈ ಸುಡಾಕತ್ತೈತಿ!’

ನೋಡಿದರೆ ಎಡಗೈ ಬಾಣಲೆಯ ಕಂಠಕ್ಕೆ ಒರಗಿದೆ. ಮಚ್ಚೆಯ ಜಾಗದಲ್ಲಿ ಚರ್ಮ ಬೊಬ್ಬೆ ಎದ್ದಿದೆ. ನಾನು ನಗುತ್ತಲೇ ಇದ್ದೆ, ಯಾಕೆಂದರೆ ನನಗೇನೂ ಆಗಿರಲೇ ಇಲ್ಲ. ಜನ ಬೆರಗಾದರು, ಪರಸಪ್ಪ ‘ಶಭಾಸ್, ಇದು ಪೈಲ್ವಾನರ ಕೈ’ ಎಂದ. ಎದುರು ಅಂಗಡಿಯಿಂದ ನೋಡುತ್ತಿದ್ದ ಫಕೀರಪ್ಪ ಮಾತ್ರ ಸುತ್ತಿಗೆ ಬಿಸಾಕಿ ಓಡಿ ಬಂದ. ಮುಖದಲ್ಲಿ ರಕ್ತವೇ ಇರಲಿಲ್ಲ. ನನ್ನ ಇನ್ನೊಂದು ಕೈ ಹಿಡಿದು ದವಾಖಾನೆಗೆ ಎಳೆದುಕೊಂಡು ಹೋದ. ಹಿಂದೆ ಸಂತೆಯ ಅರ್ಧ ಜನ.

ಡಾಕ್ಟರ್ ಐರಿನ್ ಸುಟ್ಟ ಗಾಯ ತೊಳೆದರು. ತೊಳೆಯುವಾಗ ನನ್ನ ಮುಖ ನೋಡಿದರು. ಆಮೇಲೆ ಹತ್ತಿಯ ಒಂದು ಎಳೆ ತೆಗೆದುಕೊಂಡು, ‘ಕಣ್ಣು ಮುಚ್ಚಿ, ಮುಟ್ಟಿದಾಗ ಹೇಳಿ’ ಎಂದರು. ಕೆನ್ನೆಗೆ ಮುಟ್ಟಿದರು, ಹೇಳಿದೆ. ಬಲಗೈಗೆ ಮುಟ್ಟಿದರು, ಹೇಳಿದೆ. ಆಮೇಲೆ ಬಹಳ ಹೊತ್ತು ಸುಮ್ಮನಿದ್ದರು. ‘ಮುಟ್ಟರಿ ಡಾಕ್ಟರ, ಯಾಕ ಸುಮ್ಮಕ ಕುಂತ್ರಿ?’ ಎಂದೆ. ಕಣ್ಣು ತೆರೆದರೆ ಹತ್ತಿ ನನ್ನ ಮಚ್ಚೆಯ ಮೇಲೆಯೇ ಇತ್ತು.

‘ಈ ಜಾಗಕ್ಕೆ ಸ್ಪರ್ಶವೇ ಇಲ್ಲ,’ ಎಂದರು ಅವರು. ‘ಸ್ಪರ್ಶ ಇಲ್ಲದಲ್ಲಿ ತುರಿಕೆ ಹೇಗೆ ಬರ್ತದೆ? ತುರಿಸ್ತದೆ ಅಂತ ಹೇಳಿದ್ದು ಯಾರು?’

ಫಕೀರಪ್ಪ ಗೋಡೆಗೆ ಆತು ನಿಂತಿದ್ದ. ‘ನಾ ಸುಳ್ಳ ಹೇಳಿದ್ನಿರಿ,’ ಎಂದ. ‘ನಂಗ ಎಂದೂ ತುರಿಸಿಲ್ರಿ.’

ಡಾಕ್ಟರು ತಲೆಗೆ ಕೈ ಹಚ್ಚಿ, ‘ಇವರ ಮಾತು ಕೇಳಿ ನಾನೂ ಮುಟ್ಟಿ ನೋಡದೆ ಬಿಟ್ಟೆ, ನಂದೂ ತಪ್ಪುಂಟು’ ಎಂದು ತಮ್ಮಷ್ಟಕ್ಕೆ ಹೇಳಿಕೊಂಡು, ನನ್ನ ಹತ್ತಿರ ಬಂದು ಕೂತರು. ‘ಹೆದರಬೇಡಿ. ಇದು ಕುಷ್ಠ. ಶುರುವಿನಲ್ಲೇ ಸಿಕ್ಕಿದೆ. ಆರು ತಿಂಗಳು ಮಾತ್ರೆ ತಗೊಂಡ್ರೆ ಪೂರಾ ವಾಸಿ ಆಗ್ತದೆ. ಮಾತ್ರೆ ಶುರು ಮಾಡಿದ ಮೇಲೆ ಇನ್ನೊಬ್ಬರಿಗೆ ಅಂಟುವ ಭಯವೂ ಇಲ್ಲ.’

ಆ ಹೆಸರು ಕೇಳಿದ ಮೇಲೆ ಮುಂದಿನದು ನನ್ನ ಕಿವಿಗೆ ಬೀಳಲಿಲ್ಲ. ನಾನು ಹುಟ್ಟಿದ ಊರಿನಲ್ಲಿ ಆ ಹೆಸರಿನ ರೋಗ ಬಂದ ಒಬ್ಬಳನ್ನು ಊರ ಹೊರಗಿನ ಗುಡಿಸಲಲ್ಲಿ ಇಟ್ಟಿದ್ದರು. ರೊಟ್ಟಿಯನ್ನು ದೂರದಿಂದ ಎಸೆಯುತ್ತಿದ್ದರು. ಬಾಗಿಲ ಹೊರಗೆ ಇಡೀ ಸಂತೆ ನಿಂತು ಕಾಯುತ್ತಿದೆ. ನವೆನಂಟನೂ ಸುಳ್ಳು. ಇನ್ನು ನನ್ನ ಬಜಿ ಯಾರು ಮುಟ್ಟುತ್ತಾರೆ? ಗೋಣಿ ಕಟ್ಟುವುದೊಂದೇ ದಾರಿ ಎಂದುಕೊಂಡು, ಬಂದದ್ದು ಬರಲಿ ಎಂದು ನಾನೇ ಹೊರಗೆ ಹೋಗಿ ಮೆಟ್ಟಿಲ ಮೇಲೆ ನಿಂತು ಹೇಳಿಬಿಟ್ಟೆ.

‘ನಂಗ ಕುಷ್ಠ ಆಗೇತಂತ. ಮಚ್ಚಿ ಜಾಗಾ ಸತ್ತಂಗ ಆಗೇತಿ, ಸುಟ್ರೂ ತಿಳಿಯಂಗಿಲ್ಲ. ಫಕೀರಪ್ಪ ನಮ್ಮಣ್ಣ ಅಲ್ಲ, ಸುಳ್ಳ ಹೇಳ್ಯಾನ.’

ಹುಸೇನಬಿ ಹುಬ್ಬು ಗಂಟಿಕ್ಕಿ ಯೋಚಿಸಿದಳು. ‘ತಡಿ, ತಡಿ. ಆ ಜಾಗದಾಗ ಏನೂ ತಿಳಿಯಂಗಿಲ್ಲ?’

‘ಇಲ್ಲ.’

‘ಸುಟ್ರೂ ಇಲ್ಲ, ಮುಟ್ಟಿದ್ರೂ ಇಲ್ಲ?’

‘ಇಲ್ಲ ಅಂದ್ನೆಲ್ಲಾ ಮಾಸಿ!’

‘ಅಂದ ಮ್ಯಾಲ ತುರಿಕಿ ಅಲ್ಲಿ ಹುಟ್ಟೇ ಇಲ್ಲ! ಹುಟ್ಟಲಾರದ್ದು ಯಾರಿಗೆ ಹೆಂಗ ಹೊಕ್ಕೈತಿ?’ ಅವಳು ಜನರ ಕಡೆ ತಿರುಗಿ ಎರಡೂ ಕೈ ಎತ್ತಿದಳು. ‘ಕೇಳಿದ್ರೇನ್ರೋ! ನಮ್ಮ ಚಂಪಾಗ ಯಾರೂ ಇಲ್ಲ ಅಂತಲ್ಲ. ಯಾರೋ ಅದಾರ! ಅವರಿಗಿನ್ನೂ ಸುದ್ದಿ ಮುಟ್ಟಿಲ್ಲ, ಅಷ್ಟ!’

ಆಗ ಎದ್ದ ಕೇಕೆ ಇದೆಯಲ್ಲ, ಅಂಥದ್ದನ್ನು ನಾನು ಜನ್ಮದಲ್ಲಿ ಕೇಳಿಲ್ಲ. ಪರಸಪ್ಪ ಸಂತೆಯಲ್ಲಿದ್ದ ಪೇಢೆಯ ಬುಟ್ಟಿಯನ್ನೇ ಎತ್ತಿಕೊಂಡು ಬಂದ. ‘ಕುಷ್ಠ ಅಂತ, ಬರೇ ಕುಷ್ಠ ಅಂತ!’ ಎನ್ನುತ್ತಾ ಜನ ಒಬ್ಬರ ಬಾಯಿಗೊಬ್ಬರು ಪೇಢೆ ಇಟ್ಟರು. ಗದ್ದಲಕ್ಕೆ ಹೊರಗೆ ಬಂದ ಡಾಕ್ಟರ್ ಐರಿನ್‌ರ ಬಾಯಿಗೂ ಯಾರೋ ಒಂದು ತುರುಕಿದರು. ಅವರು ಅದನ್ನು ಬಾಯಲ್ಲಿಟ್ಟುಕೊಂಡೇ, ‘ನೀವು ಸರಿಯಾಗಿ ಕೇಳಿದ್ದೀರಾ? ನಾನು ಹೇಳಿದ್ದು ಕುಷ್ಠ’ ಎಂದರು. ‘ಹೌದ್ರಿ ತಾಯಿ, ನಿಮ್ಮ ಬಾಯಾಗ ಸಕ್ಕರಿ ಬೀಳಲಿ’ ಎಂದರು ಜನ. ನಾನು ಮೆಟ್ಟಿಲ ಮೇಲೆ ಕೂತು ಮನಸಾರೆ ಅತ್ತೆ. ಘಾಟಿನ ನೆಪ ಹೇಳಬೇಕಾದ ಅಳು ಅದಲ್ಲ.

ಫಕೀರಪ್ಪನ ಮೇಲೆ ಮಾತ್ರ ಕೆಂಡದಂಥ ಸಿಟ್ಟು. ಅವನು ಬಜಿಗೆ ಬಂದರೆ ಕೊಡಲಿಲ್ಲ. ಮೂರನೆಯ ಸಂಜೆಯೂ ಬಂದು ಗೂಡಿನ ಮುಂದೆ ನಿಂತಾಗ ಬಜಿ ಎತ್ತುವ ಜಾರಿ ಸೌಟನ್ನು ಕೈಗೆ ತೆಗೆದುಕೊಂಡೆ.

‘ಯಾಕ ಸುಳ್ಳ ಹೇಳಿದಿ? ಪಂಚಮಿ ಉಂಡಿ ತಿಂದೆಲ್ಲೋ ನನ್ನ ಕೈಲೆ, ನಾಚಿಕಿ ಆಗಲಿಲ್ಲ?’

‘ಆ ಉಂಡಿ ವಿಷಾ ತಿಂದಂಗ ತಿಂದೇನ್ರಿ,’ ಎಂದ. ‘ನಿಮ್ಮನ್ನ ಕೇಳಬೇಕಂತ ಎರಡ ವರ್ಷದಿಂದ ಒಂದ್ ಮಾತು ಇಟ್ಕೊಂಡಿದ್ನಿ. ಕೇಳಾಕ ಧೈರ್ಯ ಬಂದಿರಲಿಲ್ಲ. ಅಷ್ಟರಾಗ ನೀವು ಗೋಣಿ ಕಟ್ಟಿದ್ರಿ. ನಾ ಕೇಳಿದ್ರ ಒಬ್ಬ ಗಂಡ ಸಿಗ್ತಾನ, ಆದ್ರ ನಿಮಗ ಬೇಕಾಗಿದ್ದು ನವೆನಂಟ. ಅಣ್ಣ ಆದ್ರೂ ಆಗ್ಲಿ, ದಿನಾ ಕಣ್ಣಿಗೆ ಬೀಳ್ತೀರಿ ಅಂದ್ಕೊಂಡ್ನಿ.’

ಎಂಥ ಮಾತಾಡಿಬಿಟ್ಟ ಈ ಮನುಷ್ಯ! ಅಣ್ಣನಾದ ಮೇಲೆ ಮದುವೆಯ ಮಾತಿಗೆ ಈ ಊರಿನಲ್ಲಿ ಬಾಗಿಲು ಶಾಶ್ವತವಾಗಿ ಮುಚ್ಚಿದ ಹಾಗೆ. ಅದು ಗೊತ್ತಿದ್ದೇ ರಸ್ತೆ ದಾಟಿ ಬಂದಿದ್ದ. ನನ್ನ ಸಿಟ್ಟು ಎಲ್ಲಿ ಹೋಯಿತೋ. ‘ಆ ಮಾತು ಏನಿತ್ತೋ ಅದನ್ನ ಇನ್ನೂ ಸ್ವಲ್ಪ ದಿನ ಇಟ್ಕೋ,’ ಎಂದೆ. ‘ಈಗ ನಂಗ ವಾಸಿ ಆಗ್ಬೇಕು. ತುರಿಕಿ ಹುಟ್ಟಬೇಕು. ಅದು ಖರೇನ ನಿನ್ನ ಮೈಗೇ ಬಂತಂದ್ರ?’

ಅವನ ಮುಖ ಮತ್ತೆ ಹರಳೆಣ್ಣೆ ಕುಡಿದ ಹಾಗಾಯಿತು. ಅದನ್ನು ಅವನು ಯೋಚಿಸಿಯೇ ಇರಲಿಲ್ಲ.

ಆ ಆರು ತಿಂಗಳು ಊರೇ ನನ್ನ ಕೈ ಕಾಯಿತು. ಮಾತ್ರೆ ನುಂಗಿದ ದಿನ ಮೂತ್ರ ಕುಂಕುಮದ ಬಣ್ಣ, ಮಚ್ಚೆಯ ಸುತ್ತ ಚರ್ಮ ಕಪ್ಪಾಗಿ ಒಣಗಿ ಹೊಟ್ಟು ಏಳತೊಡಗಿತು. ಹೊಟ್ಟು ಎದ್ದಿತು ಎಂದದ್ದೇ ತಡ, ತುರಿಕೆ ನನಗೆ ಬಂತು ತನಗೆ ಬಂತು ಎಂದು ಸಾಲುಗಟ್ಟಿ ಬರಲು ಶುರು ಮಾಡಿದರು. ಪುಕ್ಕಟೆ ಬಜಿಯ ಆಸೆಗೆ ಕೆಲವರು, ನಿಜವಾದ ಪ್ರೀತಿಗೆ ಕೆಲವರು. ಹುಸೇನಬಿ ಪರೀಕ್ಷೆ ಇಟ್ಟಳು. ಬಂದವರ ಕಣ್ಣಿಗೆ ಬಟ್ಟೆ ಕಟ್ಟಿ, ಗುಟ್ಟಾಗಿ ನನ್ನ ತೋಳಿಗೆ ಕೊಬ್ಬರಿ ಎಣ್ಣೆ ಹಚ್ಚುವುದು. ಹಚ್ಚಿದ ಕ್ಷಣವೇ ಹಾಯೆನಿಸಿದರೆ ನಿಜ. ಎಣ್ಣೆಯ ಶೀಶೆಯ ಮುಚ್ಚಳವನ್ನೂ ತೆಗೆಯುವ ಮುಂಚೆಯೇ ‘ಹಾ, ಹಾ, ಆರಾಮ ಆತು’ ಎಂದವರನ್ನು ಅವಳು ಬೆನ್ನಿಗೆ ಗುದ್ದಿ ಕಳಿಸುತ್ತಿದ್ದಳು. ಇತ್ತ ಫಕೀರಪ್ಪ ತನ್ನ ಎಡಗೈಗೆ ದಿನಕ್ಕೆ ಎರಡು ಸಲ ಸಾಬೂನು ಹಚ್ಚಿ ತೊಳೆದು ಉದ್ದ ತೋಳಿನ ಅಂಗಿ ತೊಟ್ಟು ಗುಂಡಿ ಹಾಕುತ್ತಿದ್ದ. ಆ ಕಡೆಗೆ ಒಂದು ನೊಣ ಕೂತರೂ ಅವನ ಜೀವ ಹಾರುತ್ತಿತ್ತು. ಬರೆಯುತ್ತಿದ್ದ ಗುಲಾಬಿಗಳೆಲ್ಲ ಹೂಕೋಸಿನ ಹಾಗೆ ಆಗುತ್ತಿದ್ದವು.

ಡಾಕ್ಟರ್ ಐರಿನ್ ಇದನ್ನೆಲ್ಲ ನೋಡಿ ನಗುತ್ತಿದ್ದರು. ‘ಇದೆಲ್ಲ ಮನಸ್ಸಿನ ಕಲ್ಪನೆ ಚಂಪಾ, ಚರ್ಮಕ್ಕೆ ನೆಂಟಸ್ತಿಕೆ ಇಲ್ಲ’ ಎನ್ನುತ್ತಿದ್ದರು. ಹೀಗೆ ಹೇಳುತ್ತಿದ್ದರೂ ನನ್ನ ಕೈಯನ್ನು ಅವರು ನೋಡಿಕೊಂಡ ಹಾಗೆ ಯಾರೂ ನೋಡಿಕೊಳ್ಳಲಿಲ್ಲ. ಮಾತ್ರೆಗೆ ಹೋಗುವುದು ಒಂದು ದಿನ ತಡವಾದರೆ ಗೂಡಿಗೇ ಬಂದು ಬೈಯುತ್ತಿದ್ದರು. ದವಾಖಾನೆಯ ಹಿಂದಿನ ಮನೆಯಲ್ಲಿ ಒಬ್ಬರೇ ಇದ್ದರು. ವರ್ಗಾವಣೆ ಬೇಕೆಂದು ಕೇಳಿದ್ದರಂತೆ. ಹಬ್ಬದ ದಿನ ಊರಿನಲ್ಲಿ ಎಲ್ಲರೂ ಎಲ್ಲರ ಮನೆಯಲ್ಲಿರುವಾಗ ಅವರ ಕಿಟಕಿಯಲ್ಲಿ ಒಂದು ದೀಪ. ಅದನ್ನು ನೋಡಿದರೆ ನನಗೆ ನನ್ನ ಹಳೆಯ ಪಂಚಮಿಗಳೇ ಕಾಣುತ್ತಿದ್ದವು.

ಕಡೆಯ ಮಾತ್ರೆ ಮುಗಿದ ದಿನ ಹೋದೆ. ಜೊತೆಗೆ ಹುಸೇನಬಿ, ಹೊರಗೆ ಬೆಂಚಿನ ಮೇಲೆ ಫಕೀರಪ್ಪ. ‘ಕಣ್ಣು ಮುಚ್ಚಿ’ ಎಂದರು ಡಾಕ್ಟರು. ಮುಚ್ಚಿದೆ. ಕಾದೆ. ಇರುವೆಯ ಮೀಸೆಯಷ್ಟು ಹಗುರಾದ್ದು ಏನೋ ಮಚ್ಚೆಯ ಮೇಲೆ ಹರಿದಾಡಿತು.

‘ಮುಟ್ಟಿದ್ರಿ!’ ಎಂದು ಕೂಗಿದೆ. ‘ಡಾಕ್ಟರ, ಮುಟ್ಟಿದ್ರಿ! ಇಲ್ಲಿ! ಈಗ ಇಲ್ಲಿ!’

ಡಾಕ್ಟರಿಗೆ ನನಗಿಂತ ಹೆಚ್ಚು ಸಂತೋಷ. ಮೇಜಿನ ಮೇಲಿದ್ದ ಎರಡು ಬಿಸ್ಕತ್ತನ್ನು ನನ್ನ ಕೈಗಿಟ್ಟರು. ನಾನು ನಕ್ಕೆ, ಆದರೆ ಒಳಗೆ ಒಂದು ಮುಳ್ಳು. ‘ತಿಳಿಯೂದೇನೋ ಬಂತು ಮಾಸಿ,’ ಎಂದೆ ಹುಸೇನಬಿಗೆ. ‘ಹೊಟ್ಟು ಎದ್ದ ಒಣಗೇತಿ, ನವೆ ಹುಟ್ಟಿರಬೇಕು. ಊರಾಗಂತೂ ಒಬ್ಬರೂ ಉಳಿದಿಲ್ಲ, ಎಲ್ಲಾರನ್ನೂ ಪರೀಕ್ಷಾ ಮಾಡಿದ್ವಿ. ಹಂಗಾದ್ರ ಖರೇನ ನಂಗ ಯಾರೂ ಇಲ್ಲ.’

ಹುಸೇನಬಿ ಡಾಕ್ಟರನ್ನೇ ನೋಡುತ್ತಿದ್ದಳು. ಅವರು ನನ್ನ ಚೀಟಿ ಬರೆಯುತ್ತಾ, ನಡುನಡುವೆ ಪೆನ್ನಿನ ಹಿಂತುದಿಯಿಂದ ತಮ್ಮ ಎಡ ಮೊಣಕೈಯ ಕೆಳಗೆ ಕೆರೆದುಕೊಳ್ಳುತ್ತಿದ್ದರು. ಬರೆಯುವುದು, ಕೆರೆಯುವುದು. ಆ ಜಾಗ ಆಗಲೇ ಕೆಂಪಗಾಗಿತ್ತು.

‘ಡಾಕ್ಟರಮ್ಮಾ,’ ಎಂದಳು ಹುಸೇನಬಿ ಮೆಲ್ಲಗೆ, ‘ಅಲ್ಲೇನು ಆಗೇತ್ರಿ?’

‘ಎಂತ ಇಲ್ಲ, ಈ ಊರಿನ ನೀರು ನನಗೆ ಆಗುವುದಿಲ್ಲ. ಹದಿನೈದು ದಿನ ಆಯ್ತು. ಭೂತಗನ್ನಡಿ ಹಿಡಿದು ನೋಡಿದೆ, ಗುಳ್ಳೆ ಇಲ್ಲ, ಮಚ್ಚೆ ಇಲ್ಲ, ಸುಮ್ಮನೆ ತುರಿಸ್ತದೆ. ಯಾವ ಮಾತ್ರೆಗೂ...’

ಅಷ್ಟಕ್ಕೇ ಮಾತು ನಿಂತಿತು. ಪೆನ್ನೂ ನಿಂತಿತು. ಅವರು ತಮ್ಮ ತೋಳು ನೋಡಿದರು, ನನ್ನ ತೋಳು ನೋಡಿದರು. ಊರಿನಲ್ಲಿ ತೊಟ್ಟಿಲ ಮಗುವನ್ನೂ ಬಿಡದೆ ಪರೀಕ್ಷಿಸಿದ್ದ ನಾವು ಈ ಒಂದು ಮೇಜಿನ ಆಚೆಗೆ ಕೇಳಿರಲೇ ಇಲ್ಲ! ಡಾಕ್ಟರು ಎದ್ದು ಕಪಾಟಿನಿಂದ ಎಣ್ಣೆಯ ಶೀಶೆ ತಂದರು. ‘ಇದು ಸಾಧ್ಯವೇ ಇಲ್ಲ’ ಎಂದುಕೊಳ್ಳುತ್ತಲೇ ನಾಲ್ಕು ಹನಿ ನನ್ನ ಮಚ್ಚೆಗೆ ಹಾಕಿ ಬೆರಳಿನಿಂದ ಸವರಿದರು.

‘ಅಬ್ಬ!’ ಎಂದರು. ಕಣ್ಣು ತಾವಾಗಿಯೇ ಮುಚ್ಚಿದವು. ಹದಿನೈದು ದಿನದ ನಿದ್ದೆಗೇಡು ಅವರ ಮುಖದಿಂದ ಇಳಿದು ಹೋಗುವುದನ್ನು ನಾನು ಕಣ್ಣಾರೆ ಕಂಡೆ. ಮುಚ್ಚಿದ ಕಣ್ಣಿನಿಂದಲೇ ನೀರು ಹರಿಯಿತು. ‘ನಂಗೆ ಒಡಹುಟ್ಟಿದವರು ಯಾರೂ ಇಲ್ಲ ಚಂಪಾ,’ ಎಂದರು. ‘ನಾನು ಒಬ್ಬಳೇ.’

‘ಇದ್ರಿ,’ ಎಂದೆ ನಾನು. ‘ಒಬ್ಬರ ಇದ್ರಿ. ಈಗಿಲ್ಲ.’ ಅವರ ಕುತ್ತಿಗೆ ತಬ್ಬಿಕೊಂಡುಬಿಟ್ಟೆ. ಹುಸೇನಬಿ ಬಾಗಿಲಿಗೆ ಓಡಿ, ಬಜಾರಿಗೆಲ್ಲ ಕೇಳುವ ಹಾಗೆ ಕೂಗಿದಳು, ‘ಸಿಕ್ಕಳೂ! ನಮ್ಮ ಚಂಪಾನ ಅಕ್ಕ ಸಿಕ್ಕಳೂ!’

ಕೂಗು ಮುಗಿಯುವ ಮುಂಚೆ ಫಕೀರಪ್ಪ ಒಳಗಿದ್ದ. ಉದ್ದ ತೋಳಿನ ಅಂಗಿಯ ಗುಂಡಿ ಬಿಚ್ಚಿ ಎರಡೂ ತೋಳು ಮೇಲೇರಿಸಿದ್ದ, ತಿಂಗಳುಗಳ ಮೇಲೆ ಮೊದಲ ಸಲ ಅವನ ಮೊಣಕೈಗೆ ಗಾಳಿ ತಾಗಿತ್ತು. ಮುಖದ ತುಂಬ ನಗು. ಬಂದವನೇ ನನ್ನ ಕಡೆ ನೋಡದೆ ಡಾಕ್ಟರ ಮುಂದೆ ಕೈಮುಗಿದು ನಿಂತ. ಎರಡೂವರೆ ವರ್ಷ ಗಂಟಲಲ್ಲಿ ಸಿಕ್ಕಿಕೊಂಡಿದ್ದ ಮಾತು ಕೊನೆಗೂ ಸರಿಯಾದ ಬಾಗಿಲು ಹುಡುಕಿಕೊಂಡಿತ್ತು.

‘ಅಕ್ಕಾರ,’ ಎಂದ, ‘ನಿಮ್ಮ ತಂಗೀನ ನಂಗ ಕೊಡ್ತೀರೇನ್ರೀ?’

ಡಾಕ್ಟರ್ ಐರಿನ್ ಒಂದು ಕಣ್ಣು ತೆರೆದು ಅವನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು. ಬೆರಳು ನನ್ನ ತೋಳಿನ ಮೇಲೆಯೇ ಇತ್ತು.

‘ಅದೆಲ್ಲ ಕೂತು ಮಾತಾಡುವ ಮಾರಾಯ್ರೆ,’ ಎಂದರು, ಅಕ್ಕನ ಗತ್ತು ಆಗಲೇ ಬಂದುಬಿಟ್ಟಿತ್ತು. ‘ಮೊದಲು ಆ ಎಣ್ಣೆ ಶೀಶೆ ಇತ್ಲಾಗಿ ಕೊಡಿ.’

ಫಕೀರಪ್ಪ ಓಡಿ ಕೊಟ್ಟ. ಅಕ್ಕ ಮತ್ತೆ ನಾಲ್ಕು ಹನಿ ಹಾಕಿದಳು. ನನಗೆ ತಣ್ಣಗೆ ತಾಗಿತು, ಅವಳಿಗೆ ಹಾಯೆನಿಸಿತು.